ಬಾಯಿ ಹಾಕದ ಮೂರು ತಿಂಗಳು

ತಮ್ಮ ಅವಳನ್ನು ಅಕ್ಕ ಎನ್ನುತ್ತಿದ್ದ, ಅದು ಸರಿಯೇ. ಆದರೆ ತಮ್ಮನ ಹೆಂಡತಿ, ಅವರ ಮಕ್ಕಳು, ಪಕ್ಕದ ಮನೆಯವರು, ಹಾಲು ಹಾಕುವವನು, ಕೊನೆಗೆ ಹೆತ್ತ ತಾಯಿಯೂ ಅಕ್ಕ ಎಂದೇ ಕರೆಯುತ್ತಿದ್ದರು. ನಾವೂ ಹಾಗೆಯೇ ಕರೆಯೋಣ. ಬೇರೆ ಹೆಸರಿಟ್ಟರೆ ಅದು ಸರಿಹೋಗುವುದಿಲ್ಲ ಎಂದು ಅವಳೇ ಬಂದು ಸಲಹೆ ಕೊಟ್ಟಾಳು.

ಸಲಹೆ ಕೊಡುವುದು ಅಕ್ಕನಿಗೆ ಉಸಿರಾಡಿದಷ್ಟು ಸಲೀಸು. ಇಪ್ಪತ್ತೆರಡು ವರ್ಷ ಕನ್ನಡಕದ ಅಂಗಡಿಯ ಕೌಂಟರಿನಲ್ಲಿ ನಿಂತಿದ್ದವಳು. ಗಿರಾಕಿಯ ಮೂಗಿನ ಮೇಲೆ ಫ್ರೇಮು ಕೂರಿಸುತ್ತ, ಈ ಮುಖಕ್ಕೆ ದುಂಡನೆಯದು ಒಪ್ಪುವುದಿಲ್ಲ ಎಂದು ಶುರುಮಾಡಿ, ಆ ಹುಡುಗಿಯನ್ನು ಮದುವೆಯಾಗುವುದು ಬೇಡ ಎಂಬಲ್ಲಿಗೆ ಮುಗಿಸುತ್ತಿದ್ದಳು. ಹತ್ತರಲ್ಲಿ ಏಳು ಸಲ ಅವಳು ಹೇಳಿದ್ದೇ ನಿಜವಾಗುತ್ತಿತ್ತು. ಉಳಿದ ಮೂರನ್ನು ಅವಳು ಮರೆತುಬಿಡುತ್ತಿದ್ದಳು.

ಅಂಗಡಿಯ ಮಾಲೀಕ ವಯಸ್ಸಾಯಿತೆಂದು ಬಾಗಿಲು ಮುಚ್ಚಿದ ಮೇಲೆ, ನಲವತ್ತೇಳರ ಅಕ್ಕ ಮನೆಯಲ್ಲಿ ಕೂತಳು. ಮನೆಯಲ್ಲಿದ್ದವರು ಇನ್ನಿಬ್ಬರು. ಗಂಡ ಡ್ರೈವಿಂಗ್ ಶಾಲೆಯ ಮೇಷ್ಟ್ರು. ಕಲಿಯುವವರ ಪಕ್ಕ ಕೂತು, ಕಾಲಡಿ ಇನ್ನೊಂದು ಬ್ರೇಕು ಇಟ್ಟುಕೊಂಡು, ದಿನಕ್ಕೆ ನಾಲ್ಕು ಸಲ ಸಾವಿನ ದವಡೆಯಿಂದ ಪಾರಾಗಿ ಬರುತ್ತಿದ್ದ ಅವನಿಗೆ ಮನೆಯಲ್ಲಿ ಯಾವ ಮಾತೂ ತಟ್ಟುತ್ತಿರಲಿಲ್ಲ. ಇನ್ನು ಉಳಿದವಳು ತಾಯಿ. ಗಂಡ ತೀರಿಕೊಂಡ ಮೇಲೆ ಮಗಳ ಮನೆಗೆ ಬಂದು ಸೇರಿದ್ದಳು. ಅಕ್ಕ ಮನೆಯಲ್ಲಿ ಕೂತ ಆ ಒಂದು ವರ್ಷ, ಬೆಳಿಗ್ಗೆಯಿಂದ ಸಂಜೆ ಆರರವರೆಗೆ, ಯಾವ ಮಗ್ಗುಲಿಗೆ ಮಲಗಬೇಕು, ಪೇಪರನ್ನು ಕಣ್ಣಿನಿಂದ ಎಷ್ಟು ದೂರ ಹಿಡಿಯಬೇಕು, ತುತ್ತನ್ನು ಎಷ್ಟು ಸಲ ಅಗಿಯಬೇಕು ಎಂಬ ಅಷ್ಟೂ ಸಲಹೆ ಆ ಒಂದು ತಲೆಯ ಮೇಲೆಯೇ ಬಿತ್ತು.

ಹೀಗಿರುವಾಗ ತಾಯಿ ಒಂದು ದಿನ ವಾಕಿಂಗ್ ಮುಗಿಸಿ ಬರುತ್ತ ಒಂದು ಕರಪತ್ರ ತಂದು ಮಗಳ ಮುಂದಿಟ್ಟಳು. ಒಂದು ವರ್ಷದ ಪ್ಯಾರಾಲೀಗಲ್ ತರಬೇತಿ, ವಯಸ್ಸಿನ ಮಿತಿ ಇಲ್ಲ, ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ.

"ಹಾಗಂದ್ರೆ ಏನಮ್ಮ?" ಅಕ್ಕ ಕೇಳಿದಳು.

"ನನಗೇನು ಗೊತ್ತು. ಹತ್ತರಿಂದ ಐದು ಅಂತ ಇದೆ. ಚೆನ್ನಾಗಿರುತ್ತೆ ಅನ್ನಿಸ್ತು."

ಹಾಗಂದರೆ ಏನೆಂದು ಮೊದಲ ದಿನವೇ ತಿಳಿಯಿತು. ವಕೀಲರೂ ಅಲ್ಲ, ಬರೀ ಟೈಪು ಮಾಡುವವರೂ ಅಲ್ಲ. ಬಂದವರ ಹೇಳಿಕೆ ಬರೆದುಕೊಳ್ಳುವುದು, ದಾಖಲೆ ಜೋಡಿಸಿ ಪುಟಸಂಖ್ಯೆ ಹಾಕುವುದು, ಕರಡು ಸಿದ್ಧಮಾಡುವುದು, ಯಾವ ಅರ್ಜಿಗೆ ಯಾವ ದಿನ ಗಡುವು ಎಂದು ಡೈರಿ ನೋಡಿಕೊಳ್ಳುವುದು, ಹೀಗೆ ವಾದ ಮಾಡುವುದೊಂದನ್ನು ಬಿಟ್ಟು ಮಿಕ್ಕ ಬಹುಪಾಲು ಕೆಲಸ ಇವರದು. ಕಲಿಸುತ್ತಿದ್ದವರು ಕೋರ್ಟಿನಲ್ಲಿ ನಲವತ್ತು ವರ್ಷ ಗುಮಾಸ್ತರಾಗಿದ್ದು ನಿವೃತ್ತರಾದ ಒಬ್ಬ ಮೇಷ್ಟ್ರು. ಮೊದಲ ದಿನ ಬೋರ್ಡಿನ ಮೇಲ್ಗಡೆ ಅವರು ಎರಡು ಸಾಲು ಬರೆದರು: ಒಳಗೆ ಕೇಳಿದ್ದನ್ನು ಹೊರಗೆ ಹೇಳಬಾರದು. ಕಕ್ಷಿದಾರರಿಗೆ ಸಲಹೆ ಕೊಡಬಾರದು. ವರ್ಷವಿಡೀ ಆ ಎರಡು ಸಾಲನ್ನು ಅವರು ಅಳಿಸಲಿಲ್ಲ.

ಅಕ್ಕ ಕೈ ಎತ್ತಿದಳು. "ಸಣ್ಣ ಪುಟ್ಟ ಸಲಹೆ ಕೊಡಬಹುದಾ ಸರ್?"

"ಕೂಡದು."

"ಅವರಾಗೇ ಕೇಳಿದ್ರೆ?"

"ಕಾಲು ಹಿಡ್ಕೊಂಡು ಕೇಳಿದ್ರೂ ಕೂಡದು. ವಕೀಲರನ್ನ ಕೇಳಿ ಅನ್ನಬೇಕು, ಅಷ್ಟೇ."

ಅಕ್ಕ ಎತ್ತಿದ ಕೈ ಇಳಿಸಿದಳು. ಆದರೂ ಛಲ ಬಿಡಲಿಲ್ಲ. ತನ್ನ ಅರ್ಧ ವಯಸ್ಸಿನವರ ಜೊತೆ ಮುಂದಿನ ಬೆಂಚಿನಲ್ಲಿ ಕೂತು ಎಲ್ಲದರಲ್ಲೂ ಮೊದಲು ಬಂದಳು, ಒಂದನ್ನು ಬಿಟ್ಟು. ಹೇಳಿಕೆ ಬರೆದುಕೊಳ್ಳುವ ಪರೀಕ್ಷೆಯಲ್ಲಿ ಮೇಷ್ಟ್ರೇ ಕಕ್ಷಿದಾರರಾಗಿ ಕೂತು, ಭಾವಮೈದುನ ಮನೆ ಖಾಲಿ ಮಾಡುತ್ತಿಲ್ಲವೆಂದು ಕಣ್ಣೀರು ಹಾಕಿದರು. ಅಕ್ಕ ಎರಡು ನಿಮಿಷ ಮುತ್ತಿನಂಥ ಅಕ್ಷರದಲ್ಲಿ ಬರೆದಳು. ಮೂರನೇ ನಿಮಿಷಕ್ಕೆ ಪೆನ್ನು ಕೆಳಗಿಟ್ಟು, "ತಪ್ಪು ನಿಮ್ಮದೇ ಸರ್, ಅವನ ಕೈಗೆ ಬೀಗದಕೈ ಕೊಟ್ಟಿದ್ದು ಯಾರು?" ಎಂದಳು. ಮೇಷ್ಟ್ರು ಕಣ್ಣೀರು ಒರೆಸಿಕೊಳ್ಳದೆಯೇ ಸೊನ್ನೆ ಹಾಕಿದರು. ಎರಡನೇ ಸಲ ಅವಳು ನಾಲಿಗೆ ಕಚ್ಚಿಕೊಂಡು ಪಾಸಾದಳು. ನಿಜವಾಗಿಯೂ ಕಚ್ಚಿಕೊಂಡಿದ್ದರಿಂದ ಎರಡು ದಿನ ಬಿಸಿಯಾದದ್ದೇನೂ ಕುಡಿಯಲಾಗಲಿಲ್ಲ.

ಸರ್ಟಿಫಿಕೇಟು ಹಿಡಿದು ಹದಿನಾಲ್ಕು ಕಚೇರಿ ಹತ್ತಿಳಿದಳು. ಹದಿಮೂರು ಕಡೆ ಅವಳ ವಯಸ್ಸು ನೋಡಿ ನೀರು ಕೊಟ್ಟು ಕಳಿಸಿದರು. ಹದಿನಾಲ್ಕನೆಯದು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಮೇಲಿನ ಮಹಡಿ. ಅಲ್ಲಿನ ವಕೀಲೆ ಐವತ್ತರ ಆಸುಪಾಸಿನ, ಕಡಿಮೆ ಮಾತಿನ ಹೆಂಗಸು. ಅಕ್ಕ ಜೋಡಿಸಿದ್ದ ಮಾದರಿ ಫೈಲನ್ನು ತಿರುವಿ ನೋಡಿ, "ಮೂರು ತಿಂಗಳು ನೋಡ್ತೀನಿ. ಆಮೇಲೆ ಕಾಯಂ ಮಾಡೋ ವಿಚಾರ," ಎಂದರು. ಕಿಟಕಿಯ ಪಕ್ಕ ಒಂದು ಮೇಜು ಸಿಕ್ಕಿತು. ಕೆಳಗೆ ಹಲ್ಲು ಕೊರೆಯುವ ಯಂತ್ರ ಗುಂಯ್ಗುಟ್ಟಿದಾಗಲೆಲ್ಲ ಕಕ್ಷಿದಾರರು ಬೇಗಬೇಗ ನಿಜ ಹೇಳಿಬಿಡುತ್ತಿದ್ದರು. ಅಕ್ಕನಿಗೆ ಆ ಮೇಜಿನ ಮೇಲೆ ಜೀವವೇ ಇತ್ತು. ನಲವತ್ತೊಂಬತ್ತನೇ ವಯಸ್ಸಿಗೆ ಇದು ಕೈತಪ್ಪಿದರೆ ಹದಿನೈದನೇ ಕಚೇರಿ ಇಲ್ಲವೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಆರನೇ ವಾರ ಎಡವಟ್ಟಾಯಿತು. ಪಕ್ಕದ ಮನೆಯ ಮರದ ಎಲೆ ತನ್ನ ಅಂಗಳಕ್ಕೆ ಬೀಳುತ್ತದೆಂದು ನಾಲ್ಕು ವರ್ಷದಿಂದ ಕೇಸು ನಡೆಸುತ್ತಿದ್ದ ಒಬ್ಬರು ಬಂದು ಕಾಯುತ್ತ ಕೂತಿದ್ದರು. ಮೇಡಂ ಕೋರ್ಟಿನಿಂದ ಇನ್ನೂ ಬಂದಿರಲಿಲ್ಲ. ಅಕ್ಕ ಸುಮ್ಮನಿರಲು ನೋಡಿದಳು. ಪೆನ್ಸಿಲ್ಲುಗಳನ್ನೆಲ್ಲ ಚೂಪು ಮಾಡಿದಳು. ಕೊನೆಗೆ, "ಒಂದು ಸಲ ನೀವೇ ಹೋಗಿ ಅವರ ಬಾಗಿಲು ತಟ್ಟಿ ಮಾತಾಡಬಾರದಾ?" ಎಂದು ಬಾಯಿಂದ ಜಾರಿಹೋಯಿತು. ಅವರು ಎದ್ದು ಹೋದರು. ಮಾತಾಡಿದರು. ಮರುದಿನ ಬಂದು ಫೈಲು ವಾಪಸ್ ಕೇಳಿದರು.

"ನಾಲ್ಕು ವರ್ಷದ ಕೇಸು. ಕಾಲು ಗಂಟೇಲಿ ಮುಗಿಸಿದ್ರಿ," ಎಂದರು ಮೇಡಂ.

"ಒಳ್ಳೇದೇ ಆಯ್ತಲ್ವಾ ಮೇಡಂ?"

"ಈ ಸಲ ಆಯ್ತು. ಮುಂದಿನ ಸಲ ನಿಮ್ಮ ಮಾತು ನಂಬಿ ಯಾರೋ ಅಪೀಲಿನ ಗಡುವು ತಪ್ಪಿಸ್ಕೊಂಡ್ರೆ? ಅವರ ಮನೆ ಹೋಗುತ್ತೆ, ನನ್ನ ವಕೀಲಿ ಸನದು ಹೋಗುತ್ತೆ. ನಿಮ್ಮ ಕೆಲಸದಷ್ಟು ಚೊಕ್ಕ ಕೆಲಸ ನಾನು ನೋಡಿಲ್ಲ. ಆದ್ರೆ ಇನ್ನೊಂದು ಸಲ ಬಾಯಿ ಹಾಕಿದ್ರೆ ಅವತ್ತೇ ಕೊನೆ."

ಅಲ್ಲಿಂದ ಐದು ವಾರ ಅಕ್ಕ ಕಚೇರಿಯಲ್ಲಿ ಮೂಕಿಯಂತಿದ್ದಳು. ಕೊಡದೆ ಉಳಿದ ಸಲಹೆಯನ್ನೆಲ್ಲ ಸಂಜೆ ಮನೆಗೆ ಹೋಗಿ ತಾಯಿಯ ಮೇಲೆ ಸುರಿಯುತ್ತಿದ್ದಳು.

ಹನ್ನೊಂದನೇ ವಾರದ ಮಂಗಳವಾರ, ಡೈರಿಯಲ್ಲಿ ಹನ್ನೊಂದೂವರೆಯ ಎದುರು 'ಹೊಸಬರು, ಬಾಡಿಗೆ ಕರಾರು' ಎಂದು ಮೇಡಮ್ಮೇ ಬರೆದುಕೊಂಡಿದ್ದರು. ಸರಿಯಾದ ಹೊತ್ತಿಗೆ ಬಾಗಿಲು ತಳ್ಳಿಕೊಂಡು ಬಂದದ್ದು ತಾಯಿ. ಹೊರಗೆ ಹೋಗುವ ಒಳ್ಳೆಯ ಚಪ್ಪಲಿ ಹಾಕಿದ್ದಳು, ಕಂಕುಳಲ್ಲಿ ಒಂದು ಕಂದು ಲಕೋಟೆ ಇತ್ತು.

"ಅಮ್ಮ, ಏನಾಯ್ತು? ಮಂಡಿ ನೋವಾ? ಗ್ಯಾಸ್ ಆಫ್ ಮಾಡಿದ್ಯಾ?"

"ವಕೀಲರನ್ನ ನೋಡಬೇಕಿತ್ತು," ಎಂದಳು ತಾಯಿ, ಪರಿಚಯವಿಲ್ಲದವರ ಹತ್ತಿರ ಮಾತಾಡುವ ಹಾಗೆ. "ಹನ್ನೊಂದೂವರೆಗೆ ಬರೋಕೆ ಹೇಳಿದ್ರು."

ಒಳಗೆ ಹೋದಾಗ ಅಕ್ಕ ಕಲಿತದ್ದನ್ನು ಮರೆಯಲಿಲ್ಲ. "ಮೇಡಂ, ಇವರು ನಮ್ಮ ತಾಯಿ. ಈ ಫೈಲು ನಾನು ಮುಟ್ಟಬಾರದು ಅನ್ಸುತ್ತೆ."

"ಸರಿಯಾಗಿ ಹೇಳಿದ್ರಿ. ನಾನೇ ಬರ್ಕೋತೀನಿ," ಎಂದರು ಮೇಡಂ.

"ಬೇಡ, ಅವಳೇ ಬರೀಲಿ," ಎಂದಳು ತಾಯಿ.

"ಮಗಳ ಮುಂದೆ ಹೇಳೋಕೆ ಸಂಕೋಚ ಆಗಲ್ವಾ ನಿಮಗೆ?"

"ಅವಳಿಗೆ ಹೇಳೋಕೇ ಬಂದಿದ್ದೀನಿ. ಮನೇಲಿ ಆರು ವರ್ಷದಿಂದ ಪ್ರಯತ್ನ ಪಟ್ಟೆ, ಆಗಲಿಲ್ಲ. ಇಲ್ಲಿ ಅವಳು ಮಧ್ಯೆ ಮಾತಾಡೋ ಹಾಗಿಲ್ಲವಂತಲ್ಲ."

ಮೇಡಂ ನಗು ನುಂಗಿಕೊಂಡು ಮೇಜಿನ ಮೇಲಿನ ಪಿನ್ನಿನ ಡಬ್ಬಿಯನ್ನು ನೋಡಿದರು. ಆಮೇಲೆ, ಮಗಳೇ ಬರೆದುಕೊಳ್ಳಲು ತನ್ನ ಪೂರ್ತಿ ಒಪ್ಪಿಗೆ ಇದೆಯೆಂದು ಒಂದು ಹಾಳೆಯ ಮೇಲೆ ತಾಯಿಯ ಸಹಿ ಪಡೆದು, ಅಕ್ಕನಿಗೆ ಕುರ್ಚಿ ತೋರಿಸಿದರು. ಅಕ್ಕ ಕೂತಳು. ಹೊಸ ಹಾಳೆ ತೆಗೆದು ತಾರೀಖು ಹಾಕಿದಳು.

"ನಿಮ್ಮ ವಯಸ್ಸು?" ಎಂದು ಅಕ್ಕ ಕೇಳಿದಳು. ಹುಟ್ಟಿದಾರಭ್ಯ ತಾಯಿಗೆ 'ನೀವು' ಎಂದದ್ದು ಅದೇ ಮೊದಲು.

"ಎಪ್ಪತ್ತೊಂದು. ನಿಮಗೆ ಗೊತ್ತಿರಬೇಕಲ್ಲ," ಎಂದಳು ತಾಯಿಯೂ, ಸೋಲದೆ.

"ಬಂದ ವಿಷಯ ನಿಮ್ಮ ಮಾತಲ್ಲೇ ಹೇಳಿ. ಹೇಳಿದ ಹಾಗೇ ಬರ್ಕೋತೀನಿ."

ತಾಯಿ ಸೆರಗು ಸರಿಮಾಡಿಕೊಂಡಳು. ಲಕೋಟೆಯನ್ನು ಮಡಿಲಲ್ಲಿಟ್ಟುಕೊಂಡು, ನಿಧಾನವಾಗಿ, ಎಷ್ಟೋ ದಿನದಿಂದ ಮನಸ್ಸಿನಲ್ಲೇ ಹೇಳಿ ಹೇಳಿ ಪಳಗಿದ್ದನ್ನು ಹೇಳತೊಡಗಿದಳು.

"ಚಿಕ್ಕವಳಿದ್ದಾಗ ಅಪ್ಪನ ಮನೇಲಿದ್ದೆ. ಆಮೇಲೆ ಅತ್ತೆ ಮನೆ. ಅತ್ತೆ ಹೋದ ಮೇಲೆ ಅದು ಯಜಮಾನರ ಮನೆ ಆಯ್ತು. ಈಗ ಮಗಳ ಮನೆ. ಯಾರಾದ್ರೂ ಬಾಗಿಲು ತಟ್ಟಿದ್ರೆ, ಯಾರು ನೋಡು ಅಂತ ಇನ್ನೊಬ್ಬರು ಹೇಳೋರು, ನಾನು ಹೋಗಿ ತೆಗೆಯೋಳು. ನನ್ನ ನೋಡೋಕೆ ಅಂತ ಬಂದು ಯಾರೂ ತಟ್ಟಿದ್ದಿಲ್ಲ. ನಾಲ್ಕು ಬೀದಿ ಆಚೆ ಬೇಕರಿ ಮೇಲೆ ಒಂದು ರೂಮು, ಸಣ್ಣ ಅಡುಗೆಮನೆ ಬಾಡಿಗೆಗಿದೆ. ಒಂದು ವರ್ಷಕ್ಕೆ ನನಗೆ ಅದು ಬೇಕು. ಯಜಮಾನರ ಪಿಂಚಣಿ ಸಾಕಾಗುತ್ತೆ. ಬೇಕರಿಯವರು ಕರಾರು ಕೊಟ್ಟಿದ್ದಾರೆ, ಅದು ಸರಿಯಾಗಿದೆಯಾ ಅಂತ ನೋಡಿಸೋಕೆ ಬಂದೆ."

ಅಕ್ಕನ ಪೆನ್ನು ನಿಂತಿತು. ಎದೆಯಲ್ಲಿ ನೂರು ಮಾತು ಒಟ್ಟಿಗೆ ಎದ್ದವು. ಆ ಮೆಟ್ಟಿಲು, ಆ ಮಂಡಿ, ಸ್ನಾನದಮನೆಯ ಜಾರುವ ನೆಲ, ಒಬ್ಬಳೇ ಇರುವಾಗ ಜ್ವರ ಬಂದರೆ. ಕಡೆಗೆ ಎಲ್ಲಕ್ಕಿಂತ ಕೆಳಗಿನಿಂದ ಎದ್ದು ಬಂದದ್ದು, ನಾನೇನು ಕಡಿಮೆ ಮಾಡಿದೆ ಎಂಬ ಒಂದೇ ಮಾತು. ಮೇಡಂ ಅವಳನ್ನೇ ನೋಡುತ್ತಿದ್ದರು. ಕೆಳಗೆ ಹಲ್ಲಿನ ಯಂತ್ರ ಗುಂಯ್ಗುಟ್ಟಲು ಶುರುವಾಯಿತು. ಅಕ್ಕ ತಲೆ ಬಗ್ಗಿಸಿ ಬರೆದಳು.

"ಮಗಳ ಮೇಲೆ ದೂರಿಲ್ಲ," ತಾಯಿ ಮುಂದುವರಿಸಿದಳು. "ಅವಳ ಹಾಗೆ ನೋಡ್ಕೊಳ್ಳೋರು ಸಿಗಲ್ಲ. ಆದ್ರೆ ನಾನು ಬಾಯಿ ತೆಗೆದ್ರೆ ಮಾತು ಅವಳೇ ಮುಗಿಸ್ತಾಳೆ. ಕೆಲವು ಸಲ ಸರಿಯಾಗೇ ಮುಗಿಸ್ತಾಳೆ. ಅದೇ ಕಷ್ಟ. ಅವಳು ಮುಗಿಸಿದ ಮೇಲೆ, ನಾನು ಬೇರೆ ಏನಾದ್ರೂ ಹೇಳ್ತಿದ್ನಾ ಅಂತ ನನಗೇ ಗೊತ್ತಾಗಲ್ಲ. ಇಷ್ಟೇ."

ಹೇಳಿಕೆ ಬರೆದ ಮೇಲೆ ಅದನ್ನು ಓದಿ ಹೇಳಬೇಕು, ಹೇಳಿದವರು ಒಪ್ಪಬೇಕು. ಅದು ಪದ್ಧತಿ. ಅಕ್ಕ ಓದಿದಳು. ಚಿಕ್ಕವಳಿದ್ದಾಗ ಅಪ್ಪನ ಮನೇಲಿದ್ದೆ ಎಂದು ಓದುವಾಗ ಧ್ವನಿ ಸರಿಯಾಗಿಯೇ ಇತ್ತು. ನನ್ನ ನೋಡೋಕೆ ಅಂತ ಬಂದು ಯಾರೂ ತಟ್ಟಿದ್ದಿಲ್ಲ ಎಂಬ ಸಾಲಿಗೆ ಬೆರಳಿಟ್ಟುಕೊಂಡು ಓದಬೇಕಾಯಿತು. ತನ್ನ ಬಾಯಿಂದಲೇ, ತಾಯಿಯ 'ನಾನು' ಆಗಿ ಆ ಮಾತನ್ನು ಆಡುವಾಗ ಅವಳಿಗೆ ತಡೆದುಕೊಳ್ಳಲಾಗದಷ್ಟು ದುಃಖವಾಯಿತು. ಆದರೂ ಒಂದಕ್ಷರ ಬಿಡದೆ ಕೊನೆಯವರೆಗೂ ಓದಿದಳು.

"ಎಲ್ಲ ಸರಿಯಾಗಿದೆಯಾ?"

"ಒಂದು ತಪ್ಪಿದೆ," ಎಂದಳು ತಾಯಿ. "ಹೆಚ್ಚಿನ ಸಲ ಸರಿಯಾಗೇ ಮುಗಿಸ್ತಾಳೆ ಅಂತ ಓದಿದ್ರಿ. ನಾನು ಕೆಲವು ಸಲ ಅಂದಿದ್ದೆ."

ಅಕ್ಕ ಹಾಳೆ ನೋಡಿದಳು. ಹೌದು, ಹಾಗೆಯೇ ಬರೆದಿದ್ದಳು, ತನಗೇ ತಿಳಿಯದೆ. ಮೇಡಂ ಕೆಮ್ಮು ಬಂದವರಂತೆ ಮುಖ ಆ ಕಡೆ ತಿರುಗಿಸಿದರು. ಅಕ್ಕ ಆ ಪದ ಹೊಡೆದುಹಾಕಿ, ಮೇಲೆ 'ಕೆಲವು' ಎಂದು ಬರೆದು, ಪಕ್ಕದಲ್ಲಿ ಚಿಕ್ಕ ಸಹಿ ಮಾಡಿದಳು.

ಕರಾರಿಗೆ ಸಹಿ ಹಾಕಲು ಮುಂದಿನ ಸೋಮವಾರ ನಿಗದಿಯಾಯಿತು. ಅಲ್ಲಿಯವರೆಗೆ ಒಂದೇ ಸೂರಿನಡಿ ಆರು ದಿನ. ಮೊದಲ ಸಂಜೆ ಅಕ್ಕ ಕೈ ತೊಳೆದು ಬಂದು, "ಅಮ್ಮ, ಆ ಮೆಟ್ಟಿಲು" ಎಂದಳೋ ಇಲ್ಲವೋ, ತಾಯಿ ತಟ್ಟೆ ಒರೆಸುತ್ತ, "ಆಫೀಸಿನ ಮಾತು ಮನೇಲಿ ಆಡಬಾರದಂತಲ್ಲ," ಎಂದಳು. ಗಂಡ ತಲೆಯೆತ್ತಿ ಇಬ್ಬರನ್ನೂ ನೋಡಿದ. ಮನೆಯಲ್ಲಿ ಅಷ್ಟು ಹೊತ್ತು ನಿಶ್ಶಬ್ದ ಇದ್ದದ್ದು ಅವನಿಗೆ ನೆನಪಿರಲಿಲ್ಲ, ಅಭ್ಯಾಸಬಲದಿಂದ ಅವನ ಬಲಗಾಲು ಮೇಜಿನ ಕೆಳಗೆ ಬ್ರೇಕು ಹುಡುಕಿತು.

ಗುರುವಾರ ತಮ್ಮನ ಫೋನು. "ಅಕ್ಕ, ಅಮ್ಮ ಏನೋ ಮುಚ್ಚಿಡ್ತಿದ್ದಾಳೆ. ಏನು ವಿಷಯ?"

"ನಾನು ಹೇಳೋಕಾಗಲ್ಲ."

"ಗೊತ್ತಿಲ್ವಾ, ಹೇಳೋಕಾಗಲ್ವಾ?"

"ಅದನ್ನೂ ಹೇಳೋಕಾಗಲ್ಲ. ಅಮ್ಮನನ್ನೇ ಕೇಳು."

"ನಿನಗೆ ಹುಷಾರಿಲ್ವಾ ಅಕ್ಕ?" ಎಂದ ತಮ್ಮ, ನಿಜವಾಗಿಯೂ ಗಾಬರಿಯಿಂದ.

ಶುಕ್ರವಾರ ಕರಾರು ಅಕ್ಕನ ಮೇಜಿಗೆ ಬಂತು. ಒಂದೊಂದೇ ಷರತ್ತು ಓದಿ, ಅನುಮಾನ ಬಂದ ಕಡೆ ಹಳದಿ ಚೀಟಿ ಅಂಟಿಸಿ ಮೇಡಂಗೆ ಕೊಡಬೇಕು. ಚೀಟಿಯಲ್ಲಿ ಪ್ರಶ್ನೆ ಬರೆಯಬಹುದು, ಅಭಿಪ್ರಾಯ ಬರೆಯುವಂತಿಲ್ಲ. ಒಂಬತ್ತನೇ ಷರತ್ತು ಓದುವಾಗ ಅವಳ ಕಣ್ಣು ಅಲ್ಲೇ ನೆಟ್ಟಿತು. ಹೊರಗಿನ ಮೆಟ್ಟಿಲುಗಳ ಜವಾಬ್ದಾರಿ ಪೂರ್ತಿ ಬಾಡಿಗೆದಾರರದೇ ಎಂದಿತ್ತು. ಆ ಬೇಕರಿಯ ಮೆಟ್ಟಿಲು ಅವಳು ನೋಡದ್ದೇನಲ್ಲ. ಹತ್ತೊಂಬತ್ತು ಮೆಟ್ಟಿಲು, ಹಿಡಿದುಕೊಳ್ಳಲು ಒಂದು ಕಂಬಿಯೂ ಇಲ್ಲ. ಈ ಷರತ್ತಿನ ನೆಪದಲ್ಲಿ ಈ ರೂಮೇ ಬೇಡ ಎಂದು ಮೇಡಂ ಕೈಯಲ್ಲಿ ಹೇಳಿಸಬಹುದಿತ್ತು. ಚೀಟಿಯನ್ನು ಸ್ವಲ್ಪ ಹೆದರಿಸುವಂತೆ ಬರೆದರೆ ಸಾಕು. ಅಕ್ಕ ಆ ಆಸೆಯನ್ನು ಇಡೀ ಮಧ್ಯಾಹ್ನ ಮಗ್ಗುಲಲ್ಲಿ ಕೂರಿಸಿಕೊಂಡಿದ್ದಳು, ಸುಳ್ಳು ಹೇಳುವುದೇಕೆ. ಎರಡು ಚೀಟಿ ಬರೆದು ಹರಿದಳು. ಮೂರನೆಯದರಲ್ಲಿ, 'ಮೆಟ್ಟಿಲಿಗೆ ಕಂಬಿ ಇಲ್ಲ. ಹಾಕಿಸಬೇಕಾದವರು ಯಾರು?' ಎಂದಷ್ಟೇ ಬರೆದು ಅಂಟಿಸಿದಳು.

"ಇದು ಮಗಳ ಪ್ರಶ್ನೆನೋ, ಪ್ಯಾರಾಲೀಗಲ್ ಪ್ರಶ್ನೆನೋ?" ಮೇಡಂ ಕೇಳಿದರು.

"ಗೊತ್ತಿಲ್ಲ ಮೇಡಂ. ಕಂಬಿ ಮಾತ್ರ ಇಲ್ಲ."

ಮೇಡಂ ಬೇಕರಿಯವರಿಗೆ ಫೋನು ಮಾಡಿದರು. ಷರತ್ತು ಬದಲಾಯಿತು. ಶನಿವಾರವೇ ಕಬ್ಬಿಣದ ಕಂಬಿ ಬಂತು.

ಸೋಮವಾರ ತಾಯಿ ಅದೇ ಒಳ್ಳೆಯ ಚಪ್ಪಲಿ ಹಾಕಿಕೊಂಡು ಬಂದಳು. ಅಕ್ಕ ಹಾಳೆಗಳನ್ನು ಜೋಡಿಸಿಟ್ಟು, ಎಲ್ಲೆಲ್ಲಿ ಸಹಿ ಬೇಕೋ ಅಲ್ಲಲ್ಲಿ ಪೆನ್ಸಿಲ್ಲಿನಿಂದ ಗುರುತು ಮಾಡಿದ್ದಳು. ಮೇಡಂ ಒಂದೊಂದು ಷರತ್ತನ್ನೂ ಬಿಡಿಸಿ ಹೇಳಿದರು. ತಾಯಿ ಪೆನ್ನು ತೆಗೆದುಕೊಂಡಳು. ಹಾಳೆಯ ಹತ್ತಿರ ಒಯ್ದಳು. ಅಲ್ಲಿಗೆ ಅವಳ ಧೈರ್ಯ ಇದ್ದಕ್ಕಿದ್ದಂತೆ ಕೈಕೊಟ್ಟಿತು.

"ನೀನೇನಂತೀಯ?" ಎಂದಳು ಮಗಳ ಕಡೆ ತಿರುಗಿ. "ಹೋಗಲಾ?"

ಇಷ್ಟು ವರ್ಷ ಕೇಳದಿದ್ದರೂ ಕೊಟ್ಟ ಸಲಹೆಯನ್ನು ತಾಯಿ ಈಗ ಬಾಯಿಬಿಟ್ಟು ಕೇಳುತ್ತಿದ್ದಳು. ಬೇಡ ಎಂದರೆ ಸಾಕು, ತಾಯಿ ಲಕೋಟೆ ಎತ್ತಿಕೊಂಡು ಮನೆಗೆ ಬರುತ್ತಿದ್ದಳು, ಅದು ಅಕ್ಕನಿಗೆ ಚೆನ್ನಾಗಿ ಕಾಣುತ್ತಿತ್ತು. ಹೋಗು ಎಂದರೆ ಅದೂ ಮಗಳು ಕಳಿಸಿದ ಹಾಗಾಗುತ್ತಿತ್ತು. ಮೇಡಂ ಅವರ ಪೆನ್ನಿನ ಮುಚ್ಚಳ ಅರ್ಧ ತೆಗೆದಂತೆಯೇ ಇತ್ತು.

ಅಕ್ಕ ಎದ್ದು ನಿಂತಳು. "ಮೇಡಂ, ಒಂದು ಐದು ನಿಮಿಷ ನಾನು ಆಚೆ ಇರ್ತೀನಿ," ಎಂದು ಬಾಗಿಲು ಎಳೆದುಕೊಂಡು ಹೊರಗೆ ಹೋದಳು. ಜೆರಾಕ್ಸ್ ಯಂತ್ರದ ಪಕ್ಕ ನಿಂತು, ಯಾರೂ ಇಲ್ಲದ್ದು ನೋಡಿಕೊಂಡು, ಚೆನ್ನಾಗಿ ಅತ್ತಳು. ಅಳುವಾಗಲೂ ತಾಯಿ ಒಳಗೆ ಪೆನ್ನನ್ನು ತೀರಾ ಒತ್ತಿ ಹಿಡಿದಿರಬೇಕು, ಹಾಗೆ ಹಿಡಿಯಬಾರದು ಎಂದು ಅವಳಿಗೆ ಅನ್ನಿಸುತ್ತಲೇ ಇತ್ತು.

ಕರೆದಾಗ ಒಳಗೆ ಹೋಗಿ ನೋಡಿದರೆ, ಗುರುತು ಮಾಡಿದ ಐದು ಜಾಗದಲ್ಲೂ ಸಹಿ ಇತ್ತು, ಸ್ವಲ್ಪ ಓರೆ. ತಾಯಿಯ ಮುಖ ಕೆಂಪಾಗಿತ್ತು. ಮೂರು ತಿಂಗಳು ತುಂಬಲು ಇನ್ನೂ ವಾರವಿದ್ದರೂ ಮೇಡಂ ಅವತ್ತೇ ಸಂಜೆ ಅಕ್ಕನ ಮೇಜಿನ ಮೇಲೆ ಕಾಯಂ ಪತ್ರ ಇಟ್ಟು, "ನಾಳೆ ಹೊತ್ತಿಗೆ ಸರಿಯಾಗಿ ಬನ್ನಿ," ಎಂದಷ್ಟೇ ಹೇಳಿ ಕೋಟು ತೆಗೆದುಕೊಂಡು ಹೊರಟರು.

ತಾಯಿ ಆ ವಾರವೇ ಹೊಸ ರೂಮು ಸೇರಿದಳು. ಭಾನುವಾರ ಮಧ್ಯಾಹ್ನ ಅಕ್ಕ ಕಾಯಂ ಪತ್ರ ಹಿಡಿದುಕೊಂಡು ಬೇಕರಿಯ ಮೆಟ್ಟಿಲು ಹತ್ತಿದಳು. ತಾಯಿ ಬಾಗಿಲು ತೆರೆದು, ಒಂದೇ ಒಂದು ಕುರ್ಚಿಯಲ್ಲಿ ಅವಳನ್ನು ಕೂರಿಸಿ, ತಾನು ಮಂಚದ ಅಂಚಿನಲ್ಲಿ ಕೂತಳು. ಕನ್ನಡಕ ಹಾಕಿಕೊಂಡು ಪತ್ರವನ್ನು ಎರಡು ಸಲ ಓದಿದಳು, ಕಣ್ಣಿಗೆ ತೀರಾ ಹತ್ತಿರ ಹಿಡಿದು. ಆಮೇಲೆ ಶುರುಮಾಡಿದಳು.

"ಬೆನ್ನಿಗೆ ಒರಗು ಇರೋ ಕುರ್ಚಿ ಕೇಳು. ಮಧ್ಯಾಹ್ನದ ಊಟ ತಪ್ಪಿಸಬೇಡ. ಆ ಮೇಡಂ ಒಳ್ಳೆಯವರೇ, ಆದ್ರೂ ಸಲಿಗೆ ಬೆಳೆಸಬೇಡ. ಕೂದಲು ಹಾಗೆ ಎಳೆದು ಕಟ್ಟಬೇಡ, ಹಣೆ ದೊಡ್ಡದಾಗಿ ಕಾಣುತ್ತೆ. ಬಸ್ಸಲ್ಲಿ ಮುಂದೆ ಕೂತ್ಕೋ."

ಇಪ್ಪತ್ತು ನಿಮಿಷ ನಡೆಯಿತು ಅದು. ಇಷ್ಟು ಸಲಹೆ ಇವಳೊಳಗೆ ಎಲ್ಲಿತ್ತು ಎಂದು ಅಕ್ಕನಿಗೆ ಬೆರಗಾಯಿತು. ಅರ್ಧದಷ್ಟು ತಪ್ಪು ಸಲಹೆಗಳೇ. ಒಂದೊಂದಕ್ಕೂ ಅವಳ ಹತ್ತಿರ ಉತ್ತರವಿತ್ತು. ಅವಳು ಹೂಂ ಎಂದಳು, ಮತ್ತೆ ಹೂಂ ಎಂದಳು.

"ಮತ್ತೆ ನೀನು ಇನ್ಮೇಲೆ," ಎಂದು ತಾಯಿ ನಿಲ್ಲಿಸಿದಳು. ಹಳೆಯ ಅಭ್ಯಾಸ. ಉಳಿದದ್ದನ್ನು ಮಗಳು ಮುಗಿಸುತ್ತಾಳೆಂದು ಅವಳ ಮುಖ ತಾನಾಗಿಯೇ ಮಗಳ ಕಡೆ ತಿರುಗಿತು. ದಿನಾ ಬಂದು ಹೋಗು, ನನ್ನ ಚಿಂತೆ ಬಿಡು, ಆರೋಗ್ಯ ನೋಡಿಕೋ. ಈ ಮೂರರಲ್ಲಿ ಒಂದು ಇರಲೇಬೇಕೆಂದು ಅಕ್ಕನಿಗೆ ಖಾತ್ರಿ ಇತ್ತು. ಅವಳು ಯಾವುದನ್ನೂ ಹೇಳದೆ ಕೂತಳು. ತಾಯಿ ಕಿಟಕಿಯ ಕಡೆ ನೋಡಿದಳು, ಬೀದಿ ನೋಡಿದಳು, ತನ್ನ ಮಾತನ್ನು ತಾನೇ ಹುಡುಕಿ ತೆಗೆದಳು.

"ಇನ್ಮೇಲೆ ಬರೋ ಮುಂಚೆ ಒಂದು ಫೋನ್ ಮಾಡಿ ಬಾ. ನಾನು ಮನೇಲಿ ಇರ್ತೀನೋ ಇಲ್ವೋ."

ಅದು ಆ ಮೂರರಲ್ಲಿ ಇರಲಿಲ್ಲ.